ಮನ್ಮಥಪ್ಪನ ಒಡೆಯದ ಸಂಖ್ಯೆ

ತಾಂಡೂರಿನ ಕಲ್ಲು ವ್ಯಾಪಾರಿ ಮನ್ಮಥಪ್ಪನ ಹೆಸರೆತ್ತಿದರೆ ಜನ ಮೊದಲು ನಗುತ್ತಾರೆ, ಆಮೇಲೆ ತಮ್ಮ ಮನೆಯ ಕಲ್ಲಿನ ಸುದ್ದಿ ತೆಗೆಯುತ್ತಾರೆ. ಜಹೀರಾಬಾದಿನಿಂದ ನಾರಾಯಣಖೇಡದವರೆಗೆ ಅವನ ಕೈಯಿಂದ ಕಲ್ಲು ಪಡೆಯದ ನೆಂಟರಿಲ್ಲ, ಗಿರಾಕಿಗಳಿಲ್ಲ. ಕಲ್ಲು ಎಂದರೆ ಎರಡಡಿ ಉದ್ದ, ಎರಡಡಿ ಅಗಲದ, ನೆಲಕ್ಕೆ ಹಾಸುವ ನೀಲಿ ಫರಸಿ. ಮುಖ ಕಾಣುವಷ್ಟು ಪಾಲಿಶ್ ಆದದ್ದು. ಅದರ ಮೇಲೆ ಕೊರೆದ ಒಂದು ದೊಡ್ಡ ಸಂಖ್ಯೆ. ಮದುವೆಗೆ ಬಂದವರೆಲ್ಲ ಲಕೋಟೆ ಕೊಟ್ಟು ಊಟಕ್ಕೆ ಕೂತರೆ ಮನ್ಮಥಪ್ಪ ಇಬ್ಬರು ಹಮಾಲರ ತಲೆಯ ಮೇಲೆ ಕಲ್ಲು ಹೊರಿಸಿಕೊಂಡು ವೇದಿಕೆ ಹತ್ತುತ್ತಿದ್ದ. ಫೋಟೋದವನು "ಜರಾ ಮ್ಯಾಲ ಎತ್ತಿ ಹಿಡೀರಿ" ಎನ್ನುತ್ತಿದ್ದ. ಮದುಮಗ ಒಂದು ತುದಿ, ಮದುಮಗಳು ಒಂದು ತುದಿ ಹಿಡಿದು ಹಲ್ಲು ಕಚ್ಚಿಕೊಂಡು ನಗುತ್ತಿದ್ದರು. ಈ ಭಾಗದ ಎಷ್ಟೋ ಮದುವೆ ಆಲ್ಬಮ್ಮುಗಳಲ್ಲಿ ವಧೂವರರ ಮುಖ ಕೆಂಪಾಗಿರುವುದು ನಾಚಿಕೆಯಿಂದಲ್ಲ.

ಮುಯ್ಯಿಗೆ ಒಂದು ಸೇರಿಸಿ ಕೊಡುವುದು ಎಲ್ಲ ಕಡೆಯೂ ಇರುವ ಪದ್ಧತಿ. ನೂರು ಕೊಡುವವರು ನೂರೊಂದು ಕೊಡುತ್ತಾರೆ. ಯಾಕೆ ಎಂದು ಕೇಳಿದರೆ ಬಹಳ ಜನ ತಲೆ ಕೆರೆದುಕೊಳ್ಳುತ್ತಾರೆ. ಮನ್ಮಥಪ್ಪ ಕೆರೆದುಕೊಂಡವನಲ್ಲ. ಅವನ ಹತ್ತಿರ ಎಲ್ಲದಕ್ಕೂ ಉತ್ತರ ಸಿದ್ಧವಿರುತ್ತಿತ್ತು, ಪ್ರಶ್ನೆ ಬರುವುದಷ್ಟೇ ತಡ.

"ನೂರು ಅಂದ್ರ ಐವತ್ತು ಗಂಡಂದು, ಐವತ್ತು ಹೆಂಡ್ತಿದು ಅಂತ ಹಂಚ್ಕೊಂಡು ಹೋಗ್ಬಹುದು," ಎನ್ನುತ್ತಿದ್ದ. "ನೂರೊಂದು ಹಂಚಿ ತೋರಸ್ರಿ ನೋಡಾನು! ಆ ಒಂದು ಅದ ನೋಡ್ರಿ, ಅದು ಮೊಳಿ ಇದ್ದಂಗ. ಸಂಸಾರ ಬಿಚ್ಚಗೊಡಂಗಿಲ್ಲ."

ಇಷ್ಟಕ್ಕೇ ನಿಂತಿದ್ದರೆ ಊರಿನ ಹಿರಿಯರಲ್ಲಿ ಒಬ್ಬನಾಗಿ ಉಳಿಯುತ್ತಿದ್ದ. ಆದರೆ ಅವನ ಯೋಚನೆ ಮುಂದೆ ಓಡಿತು. ನೋಟು ಖರ್ಚಾಗಿ ಹೋಗುತ್ತದೆ. ಖರ್ಚಾದ ಮೇಲೆ ಆ ಒಂದರ ಬಲ ಎಲ್ಲಿ ಉಳಿಯಿತು? ಅದೇ ಸಂಖ್ಯೆಯನ್ನು ಕಲ್ಲಿನಲ್ಲಿ ಕೊರೆದು ಕೊಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಸ್ವಂತ ಕಟಿಂಗ್ ಮಿಷನ್ನಿತ್ತು, ಪಾಲಿಶ್ ಮಿಷನ್ನಿತ್ತು, ಶೆಡ್ಡಿನಲ್ಲಿ ಮೊಗಲಪ್ಪನಂಥ ಕೊರೆಯುವವನಿದ್ದ. ಇನ್ನೇನು ಬೇಕು? ಪರಿಚಯದವರಿಗೆ ಸಾವಿರದೊಂದು, ಹಳೆಯ ಗಿರಾಕಿಗೆ ಹತ್ತು ಸಾವಿರದೊಂದು, ನೆಂಟರಿಗೆ ಲಕ್ಷದೊಂದು. ಪ್ರೀತಿ ಹೆಚ್ಚಾದಂತೆ ನಡುವೆ ಸೊನ್ನೆ ಹೆಚ್ಚು. ಮುಂದಿನ ಒಂದು ಗಂಡ, ಕೊನೆಯ ಒಂದು ಹೆಂಡತಿ, ನಡುವಿನ ಸೊನ್ನೆಗಳು ಸಂಸಾರ ಎಂದು ವೇದಿಕೆಯ ಮೇಲೆ ಮೈಕು ಕಸಿದುಕೊಂಡು ವಿವರಿಸುತ್ತಿದ್ದ. "ಸಂಸಾರ ಅಂದ್ರ ಬರೀ ಸೊನ್ನೀನೇನ್ರಿ?" ಎಂದು ಅವನ ಹೆಂಡತಿ ಪಾರ್ವತಿಬಾಯಿ ಒಮ್ಮೆ ಕೆಳಗಿನಿಂದಲೇ ಕೇಳಿದ್ದಳು. ಸಭೆ ನಕ್ಕಿತು. ಮನ್ಮಥಪ್ಪನಿಗೆ ಮೈಕಿನ ಗದ್ದಲದಲ್ಲಿ ಅದು ಕೇಳಿಸಲಿಲ್ಲ.

ಒಬ್ಬಳೇ ಮಗಳು ರಾಜೇಶ್ವರಿಯ ಮದುವೆಯಲ್ಲಿ ಅವನು ಕೊರೆಸಿದ್ದು ಹತ್ತು ಕೋಟಿ ಒಂದು. ಅಳಿಯ ಸಂಜೀವಕುಮಾರ ನಾರಾಯಣಖೇಡದವನು, ತೊಗರಿ ವ್ಯಾಪಾರಿ. ಮದುವೆಯಾದ ಮೇಲೆ ಆ ಕಲ್ಲನ್ನು ಅವರು ಹಿತ್ತಲಲ್ಲಿ ಬಟ್ಟೆ ಒಗೆಯಲು ಹಾಕಿಕೊಂಡರು. ಮನ್ಮಥಪ್ಪನಿಗೆ ಬೇಸರವೇನೂ ಆಗಲಿಲ್ಲ. ದಿನಾ ನೀರು ಬಿದ್ದರೆ ಸಂಖ್ಯೆ ತಂಪಾಗಿರುತ್ತದೆ ಎಂದ.

ಎಲ್ಲ ಸರಿಯಿದ್ದದ್ದು ಝರಾಸಂಗದ ಒಂದು ಮದುವೆಯವರೆಗೆ. ಹಣಮಯ್ಯನೆಂಬ ಪರಿಚಯದವನ ಮಗನ ಮದುವೆ. ಮನ್ಮಥಪ್ಪ ಎಂದಿನಂತೆ ಸಾವಿರದೊಂದು ಹೊರಿಸಿಕೊಂಡು ಹೋಗಿದ್ದ. ಕಲ್ಲಿನ ಜೊತೆ ಮೊಗಲಪ್ಪನೂ ಬಂದಿದ್ದ, ಅವನ ಮಗಳು ಸುಜಾತಾಳೂ ಬಂದಿದ್ದಳು. ಸುಜಾತಾ ಜಹೀರಾಬಾದಿನ ಒಂದು ಕಾಲೇಜಿನಲ್ಲಿ ಗಣಿತದ ಲೆಕ್ಚರರ್. ಕಲ್ಲಿನ ಮೇಲೆ ಕಣ್ಣಾಡಿಸಿ, "ಕಾಕಾ, ಇದು ಏಳರಿಂದ ಭಾಗ ಹೋಗ್ತದರಿ," ಎಂದಳು. "ಹನ್ನೊಂದರಿಂದ, ಹದಿಮೂರರಿಂದನೂ ಹೋಗ್ತದ." ಅವಳಿಗೆ ಅವನನ್ನು ಕೆಣಕುವ ಇರಾದೆ ಇರಲಿಲ್ಲ. ಬಸ್ ಟಿಕೆಟ್ಟಿನ ಅಂಕಿ ಕಂಡರೂ ಮನಸ್ಸಿನಲ್ಲೇ ಭಾಗಿಸಿ ನೋಡುವ ಹುಡುಗಿ ಅವಳು.

"ಹೋಗ್ಲಿ ಬಿಡವ್ವಾ," ಎಂದ ಮನ್ಮಥಪ್ಪ ದೊಡ್ಡ ದನಿಯಲ್ಲಿ. "ಮದುವಿ ಆಗೋರು ಇಬ್ಬರೇ. ಏಳು ಮಂದಿಗಿ ಹಂಚಾಕ ಇದೇನು ಪ್ರಸಾದ ಅದ?"

ಮಂಟಪವೆಲ್ಲ ನಕ್ಕಿತು. ಸುಜಾತಾಳೂ ನಕ್ಕಳು. ಗೆದ್ದವನು ಮನ್ಮಥಪ್ಪನೇ. ಆದರೂ ವಾಪಸು ಬರುವಾಗ ದಾರಿಯುದ್ದಕ್ಕೂ ಅವನ ಬಾಯಲ್ಲಿ ಏಳು, ಹನ್ನೊಂದು, ಹದಿಮೂರು ಎಂಬ ಮೂರು ಶಬ್ದ ಹಲ್ಲಿಗೆ ಸಿಕ್ಕ ಅಡಿಕೆಯಂತೆ ಕಾಡುತ್ತಿದ್ದವು.

ಆ ವಾರವೇ ರಾಜೇಶ್ವರಿ ಬ್ಯಾಗು ಹಿಡಿದುಕೊಂಡು ತವರಿಗೆ ಬಂದಳು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಬ್ಯಾಗು ಚಿಕ್ಕದಾಗಿದ್ದರೆ ಎರಡು ದಿನಕ್ಕೆ ಬಂದಿದ್ದಾಳೆ ಎನ್ನಬಹುದಿತ್ತು; ಅವಳು ಹೊಲಿಗೆ ಮಿಷನ್ನೂ ತಂದಿದ್ದಳು.

"ಹೊಡದನೇನು?" ಎಂದ ಮನ್ಮಥಪ್ಪ. "ಕುಡದು ಬರ್ತಾನೇನು? ಅತ್ತಿ ಏನರ ಅಂದಳೇನು? ಹೇಳ್ಬ್ಯಾಡ, ನನಗ ಗೊತ್ತಾತು, ಅತ್ತೀನೇ ಅಂದಿರ್ತಾಳ."

"ಯಾರೂ ಏನೂ ಅಂದಿಲ್ಲ ಅಪ್ಪಾ," ಎಂದಳು ರಾಜೇಶ್ವರಿ. "ಅದೇ ತ್ರಾಸು. ಆತ ಫೋನಿನ್ಯಾಗ ನಾಲ್ಕು ಭಾಷಾದಾಗ ದಿನಾಪೂರ್ತಿ ಮಾತಾಡ್ತಾನ. ಲಾತೂರಿನವರ ಸಂಗಟ ಮರಾಠಿ, ಹೈದರಾಬಾದಿನವರ ಸಂಗಟ ಉರ್ದು. ನನ್ನ ಸಂಗಟ ಬರೀ 'ಹ್ಞೂಂ'. ಉಂಡೀರೇನು ಅಂದ್ರ ಹ್ಞೂಂ. ನಾ ಸತ್ತ್ರ ಸುಡ್ತೀರೋ ಹೂಳ್ತೀರೋ ಅಂತ ಕೇಳ್ದೆ, ಅದಕ್ಕೂ ಹ್ಞೂಂ. ನಾ ಇನ್ನ ಹೋಗಂಗಿಲ್ಲ."

ಲಿಂಗಾಯತರ ಮನೆಯಲ್ಲಿ ಹುಟ್ಟಿದ ಅಳಿಯನಿಗೆ ಸುಡುವುದಕ್ಕೂ ಹೂಳುವುದಕ್ಕೂ ವ್ಯತ್ಯಾಸ ಗೊತ್ತಾಗದಷ್ಟು ಗಮನ ತಪ್ಪಿದೆ ಎಂದರೆ ವಿಷಯ ಗಂಭೀರವೇ. ಆದರೆ ಮನ್ಮಥಪ್ಪನ ತಲೆ ಅಳಿಯನ ಕಡೆ ಹೋಗಲಿಲ್ಲ. ನೇರವಾಗಿ ಹಿತ್ತಲಿನ ಕಲ್ಲಿನ ಕಡೆ ಹೋಯಿತು. ಶೆಡ್ಡಿನ ಹಿಂದೆ ನಿಂತು ಸುಜಾತಾಳಿಗೆ ಫೋನ್ ಹಚ್ಚಿದ.

"ಯವ್ವಾ, ಹತ್ತು ಕೋಟಿ ಒಂದು ಎದರಿಂದರ ಭಾಗ ಹೋಗ್ತದೇನು?"

ಅವಳು ಮನಸ್ಸಿನಲ್ಲೇ ಭಾಗಿಸಿ ನೋಡಿ, "ಹದಿನೇಳರಿಂದ ಹೋಗ್ತದ ಕಾಕಾ," ಎಂದಳು.

ಮನ್ಮಥಪ್ಪ ಬೀಗರ ಮನೆಯ ಜನರನ್ನು ಬೆರಳು ಮಡಿಸಿ ಎಣಿಸಿದ. ಬೀಗತಿ ಶಕುಂತಲಾಬಾಯಿ, ಅಳಿಯ, ಮಗಳು, ಮೈದುನರು, ಅವರ ಹೆಂಡಿರು ಮಕ್ಕಳು, ಗೋದಾಮಿನ ಗುಮಾಸ್ತ, ಎಲ್ಲ ಸೇರಿ ಹದಿನೈದಾಯಿತು. ಎರಡು ಕಡಿಮೆ ಬಿತ್ತಲ್ಲ ಎಂದು ಸಮಾಧಾನದ ಉಸಿರು ಬಿಡುವಷ್ಟರಲ್ಲಿ ಎಮ್ಮೆ ನೆನಪಾಯಿತು. ಅದಕ್ಕೆ ಕರುವೂ ಇತ್ತು. ಹದಿನೇಳು! ಮನ್ಮಥಪ್ಪ ಕಲ್ಲಿನ ರಾಶಿಯ ಮೇಲೆ ಕುಸಿದು ಕೂತ. ಮಗಳ ಪಾಲಿನ ಗಂಡನನ್ನು ಹದಿನೇಳು ಭಾಗ ಮಾಡಿ, ಎಮ್ಮೆಗೂ ಒಂದು ಪಾಲು ಕೊಟ್ಟು, ಅದನ್ನು ಕಲ್ಲಿನಲ್ಲಿ ಕೊರೆಸಿ, ಮೈಕಿನಲ್ಲಿ ಸಾರಿ ಬಂದವನು ತಾನೇ ಎಂಬುದು ಅವನಿಗೆ ಹಗಲಿನಷ್ಟು ಸ್ಪಷ್ಟವಾಯಿತು. ಅವನಿಗೆ ನಿಜವಾಗಿಯೂ ಅಳು ಬಂತು. ಮಗಳೆಂದರೆ ಅವನಿಗೆ ಜೀವ.

ಮರುದಿನವೇ ಜಹೀರಾಬಾದಿಗೆ ಹೋಗಿ ಸುಜಾತಾಳ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತ. ಮುಂದೆ ಒಂದು, ಹಿಂದೆ ಒಂದು, ನಡುವೆ ಬರೀ ಸೊನ್ನೆ, ಯಾವುದರಿಂದಲೂ ಒಡೆಯಬಾರದು, ಅಂಥದ್ದೊಂದು ಸಂಖ್ಯೆ ಬೇಕು ಎಂದ, ತರಕಾರಿ ಕೇಳುವವನಂತೆ.

"ಹನ್ನೊಂದು ಅದ, ನೂರೊಂದು ಅದ," ಎಂದಳು ಸುಜಾತಾ. "ಅವೆರಡೂ ಯಾವುದರಿಂದನೂ ಒಡೆಯಂಗಿಲ್ಲ. ಅವು ಬಿಟ್ರ ಈ ನಮೂನಿದು ಇನ್ನೊಂದು ಇಲ್ಲಿಗಂಟ ಯಾರಿಗೂ ಸಿಕ್ಕಿಲ್ಲ ಕಾಕಾ. ನಮ್ಮ ಹಿರಿಯರು ನೂರೊಂದಕ್ಕ ನಿಂತಿದ್ದು ಛಲೋ ಆಗಿತ್ತು."

"ಹಣಮಯ್ಯನ ಮಗಗ ಸಾವಿರದೊಂದು ಕೊಟ್ಟು ನನ್ನ ಮಗಳಿಗಿ ನೂರೊಂದು ಕೊಡ್ಲೇನು? ಮಂದಿ ಏನಂತಾರ? ಸೊನ್ನಿ ಕಮ್ಮಿ ಮಾಡೋ ಮಾತೇ ಇಲ್ಲ. ದೊಡ್ಡದು ಹೇಳು."

ಸುಜಾತಾಳಿಗೆ ಮೊದಲು ನಗು ಬಂತು, ಅವನ ಮುಖ ನೋಡಿ ಕನಿಕರವೂ ಬಂತು. ತಡವರಿಸುತ್ತ ಒಂದು ಸುದ್ದಿ ಹೇಳಿದಳು. ನಡುವೆ ಹದಿನಾರು ಸಾವಿರ ಚಿಲ್ಲರೆ ಸೊನ್ನೆಗಳಿರುವ ಒಂದು ಸಂಖ್ಯೆ ಇದೆ. ಅದು ಒಡೆಯುತ್ತದೆ ಎಂದು ಕಂಪ್ಯೂಟರ್ ಹೇಳಿದೆ. ಆದರೆ ಯಾವುದರಿಂದ ಒಡೆಯುತ್ತದೆ ಎಂದು, ಅವಳಿಗೆ ತಿಳಿದ ಮಟ್ಟಿಗೆ, ಯಾರಿಗೂ ಗೊತ್ತಿಲ್ಲ. ಬೇರೆ ಬೇರೆ ದೇಶದವರು ಹುಡುಕಿ ಹುಡುಕಿ ಬಿಟ್ಟಿದ್ದಾರೆ.

"ಒಡದು ನೋಡಲಾರದೇ ಒಡೀತದ ಅಂತ ಹೆಂಗ ಹೇಳ್ತಾರ?" ಎಂದ ಮನ್ಮಥಪ್ಪ.

"ಒಂದು ಪರೀಕ್ಷಾ ಅದರಿ. ಸಂಖ್ಯಾ ಒಡೆಯದಂಥಾದು ಇದ್ರ ಆ ಲೆಕ್ಕದ ಉತ್ತರ ಇಂಥಾದ್ದೇ ಬರ್ಬೇಕು. ಇದಕ್ಕ ಬ್ಯಾರೇದು ಬಂತು. ಅಂದ್ರ ಒಳಗ ಎಲ್ಲೋ ಒಡಕು ಅದ. ಎಲ್ಲಿ ಅಂತ ಆ ಪರೀಕ್ಷಾ ಹೇಳಂಗಿಲ್ಲ."

ಮನ್ಮಥಪ್ಪ ಎದ್ದು ನಿಂತು ಸ್ಟಾಫ್ ರೂಮಿನ ಕಿಟಕಿಯ ಕಟ್ಟೆಗೆ ಹಾಸಿದ್ದ ಫರಸಿಯನ್ನು ಬೆರಳ ಗೆಣ್ಣಿನಿಂದ ಕುಟ್ಟಿದ. ಠಣ್ ಎಂದಿತು. ಬಾಗಿಲ ಹತ್ತಿರದ ಇನ್ನೊಂದನ್ನು ಕುಟ್ಟಿದ. ಒಡಕು ಮಡಕೆಯಂಥ ಮಂಕು ಸದ್ದು ಬಂತು.

"ಇದು ಒಡದದ," ಎಂದ. "ಕಣ್ಣಿಗಿ ಕಾಣ್ತದೇನು? ಇಲ್ಲ. ಎಲ್ಲಿ ಅಂತ ನನಗೂ ಗೊತ್ತಿಲ್ಲ. ಆದ್ರ ಸದ್ದು ಕೇಳಿದ್ರ ಗೊತ್ತಾಗ್ತದ. ನಾವು ದಿನಾ ಮಾಡೋದೇ ಇದು ಯವ್ವಾ, ನಿಮ್ಮ ಕಂಪ್ಯೂಟರಿಗಿ ಕಲಿಸಿದವರು ಯಾರು?"

ಸುಜಾತಾ ಬಹಳ ಖುಷಿಯಿಂದ, ಹೌದು, ಹೆಚ್ಚುಕಮ್ಮಿ ಹಾಗೆಯೇ ಎಂದಳು. ತಪ್ಪಾದದ್ದು ಅಲ್ಲೇ. ಮನ್ಮಥಪ್ಪ ಅದೇ ಸಂಖ್ಯೆ ಬೇಕೆಂದು ಹಟ ಹಿಡಿದ. "ಎಲ್ಲಿ ಒಡಕು ಅದ ಅಂತ ಯಾರಿಗೂ ಗೊತ್ತಿಲ್ಲ ಅಂದ್ಮ್ಯಾಲ ಉಳಿ ಎಲ್ಲಿಡ್ತಾರ? ಒಡಿಯಾಕೇ ಆಗಂಗಿಲ್ಲ! ಪೂರ್ತಿ ಗಟ್ಟಿ ಇದ್ದಿದ್ದಕ್ಕಿಂತ ಇದು ಛಲೋ."

ಅವಳು ತಲೆ ಮೇಲೆ ಕೈ ಹೊತ್ತಳು. ಬಿಡಿಸಲು ಕೊನೆಯ ಪ್ರಯತ್ನವಾಗಿ, "ಒಂದು ಸೊನ್ನಿ ಹೆಚ್ಚಾದ್ರೂ ಅದು ಹನ್ನೊಂದರಿಂದ ಭಾಗ ಹೋಗ್ತದ, ಒಂದು ಕಮ್ಮಿ ಆದ್ರೂ ಹೋಗ್ತದ, ನೋಡ್ರಿ ಮತ್ತ," ಎಂದು ಹೆದರಿಸಿದಳು. ಅದು ನಿಜವೇ. ಆದರೆ ಮನ್ಮಥಪ್ಪನಂಥವನಿಗೆ ಇಂಥ ಎಚ್ಚರಿಕೆ ಕೊಟ್ಟರೆ ಅದು ವ್ರತದ ನಿಯಮವಾಗುತ್ತದೆ.

ಸೊನ್ನೆ ಕೊರೆಯುವ ಕೆಲಸ ಶುರುವಾಯಿತು. ಮೊಗಲಪ್ಪ ಡ್ರಿಲ್ಲಿಗೆ ಬಳೆಯಷ್ಟು ಅಗಲದ, ಕೊಳವೆಯಂಥ ಬಿಟ್ಟು ಹಾಕಿ ಒತ್ತಿದರೆ ಒಂದು ಸೊನ್ನೆ. ಮತ್ತೆ ಒತ್ತಿದರೆ ಇನ್ನೊಂದು ಸೊನ್ನೆ. ಎಷ್ಟೋ ವರ್ಷಗಳಿಂದ ಗೋರಿಗಳ ಮೇಲೆ ಹೆಸರು, ಮನೆಗಳ ಮೇಲೆ ಹೆಸರು, ಶಾಲೆಗಳಿಗೆ ದಾನಿಗಳ ಹೆಸರು ಕೊರೆದ ಕೈ ಅದು. "ಸಾವ್ಕಾರ್ರೇ, ಜರಾ ನಡುವ ಒಂದು ಎರಡು ಬರೀಲೇನು? ಕೈಗಿ ಬ್ಯಾಸರ ಆಗ್ಯಾದ," ಎಂದು ಮೊಗಲಪ್ಪ ಕೇಳಿದ. ಮನ್ಮಥಪ್ಪ ಹೌಹಾರಿದ. ಒಂದು ವಾರದ ಹೊತ್ತಿಗೆ ಮೊಗಲಪ್ಪನಿಗೆ ರೊಟ್ಟಿ ಕಂಡರೆ ಸಿಟ್ಟು ಬರುತ್ತಿತ್ತು, ಅದು ದುಂಡಗಿದೆ ಎಂದು.

ಇತ್ತ ಅಳಿಯನ ಅನುಮತಿ ಬೇಕಲ್ಲ. ಮನ್ಮಥಪ್ಪ ಫೋನ್ ಮಾಡಿ, "ಅಳಿಯಂದ್ರೇ, ನಿಮ್ಮ ಮನಿ ನೆಲಕ್ಕ ಹೊಸ ಫರಸಿ ಹಾಕಸ್ತೀನಿ, ಹದಿನಾರು ಸಾವಿರ ಸೊನ್ನಿ ಇರ್ತಾವ," ಎಂದ. ಆ ಕಡೆಯಿಂದ ಬಂದದ್ದು "ಹ್ಞೂಂ". ಅಷ್ಟಾದರೆ ಸಾಕಿತ್ತು. ಬೀಗತಿ ಶಕುಂತಲಾಬಾಯಿಗಂತೂ ಪುಗಸಟ್ಟೆ ನೆಲ ಸಿಗುವುದೇ ದೊಡ್ಡದು. ಸೊನ್ನೆಯೋ ಚಿತ್ತಾರವೋ, ಅವಳು ವಿಚಾರಿಸಲಿಲ್ಲ.

ಕಲ್ಲುಗಳು ಪೋಚಪ್ಪನೆಂಬ ಬಾಡಿಗೆಯವನ ಡಿಸಿಎಂ ಲಾರಿಯಲ್ಲಿ ಹಲವು ಸಲ ನಾರಾಯಣಖೇಡಕ್ಕೆ ಹೋದವು. ಮೊದಲನೆಯ ಒಂದು ತಲೆಬಾಗಿಲ ಹೊಸ್ತಿಲಿಗೆ ಕೂತಿತು. ಅಲ್ಲಿಂದ ಸೊನ್ನೆಗಳು ಪಡಸಾಲೆ ತುಂಬಿ, ನಡುಮನೆ ತುಂಬಿ, ಮಲಗುವ ಕೋಣೆಗೆ ನುಗ್ಗಿ, ಮಂಚದ ಕೆಳಗೆ ಹಾದು, ಅಡುಗೆಮನೆಗೆ ಬಂದು, ಹಿತ್ತಲ ಕಡೆ ಹೊರಟವು. ಕೊನೆಯ ಒಂದಕ್ಕೆ ಜಾಗ ಸಿಕ್ಕಿದ್ದು ಎಮ್ಮೆ ಕಟ್ಟುವ ಕಡೆ. ಹೆಂಡತಿಯ ಒಂದು ಎಮ್ಮೆಯ ಹತ್ತಿರ ಬರುವುದು ಶೋಭೆಯಲ್ಲ ಎಂದು ಎಮ್ಮೆಯನ್ನೇ ಬೇರೆ ಕಡೆ ಕಟ್ಟಿಸಲಾಯಿತು.

ಎರಡು ದಿನದಲ್ಲಿ ಬೀಗರ ಮನೆ ಅಲ್ಲೋಲಕಲ್ಲೋಲವಾಯಿತು. ಕಸ ಗುಡಿಸಿದರೆ ಕಸ ಹೋಗದು, ಒಂದೊಂದು ಸೊನ್ನೆಯ ಗೆರೆಯಲ್ಲಿ ಒಂದೊಂದು ತೊಗರಿಬೇಳೆ ಸಿಕ್ಕಿಕೊಂಡು ಕೂರುತ್ತಿತ್ತು. ಒರೆಸಿದರೆ ನೀರು ನಿಲ್ಲುತ್ತಿತ್ತು. ಬರಿಗಾಲಲ್ಲಿ ನಡೆದವರ ಅಂಗಾಲಿನಲ್ಲಿ ಸೊನ್ನೆ ಮೂಡುತ್ತಿತ್ತು. ಶಕುಂತಲಾಬಾಯಿ ಬೀಗನಿಗೆ ಫೋನ್ ಮಾಡಿ ಮೂರು ತಲೆಮಾರಿನ ಹೆಸರು ಹಿಡಿದು ಬೈದಳು. ಮನ್ಮಥಪ್ಪ ಎಲ್ಲವನ್ನೂ ಕೇಳಿಸಿಕೊಂಡು, ಮೊದಲೇ ಯೋಚಿಸಿದ್ದ ಮಾತು ಹೇಳಿದ. ಸೊನ್ನೆ ಸರಿಯಾಗಿವೆಯೋ ಇಲ್ಲವೋ ಎಣಿಸಬೇಕು. ಒಂದು ಹೆಚ್ಚುಕಡಿಮೆಯಾದರೂ ಸಂಖ್ಯೆ ಅಲ್ಲೇ ಹನ್ನೊಂದರಿಂದ ಒಡೆಯುತ್ತದೆ. ಎಣಿಸಬೇಕಾದವರು ಗಂಡ ಹೆಂಡತಿಯೇ. ಮಗಳನ್ನು ಕರೆದುಕೊಂಡು ನಾಳೆ ಬರುತ್ತೇನೆ.

"ನಾ ಬರಂಗಿಲ್ಲ," ಎಂದಳು ರಾಜೇಶ್ವರಿ.

"ಎಣಿಸಾಕಷ್ಟೇ ಬಾ," ಎಂದಳು ಪಾರ್ವತಿಬಾಯಿ. "ನಿಮ್ಮ ಅಪ್ಪನ ಹುಚ್ಚು ಒಮ್ಮಿ ಇಳೀಲಿ. ಹೊಲಿಗಿ ಮಿಷನ್ ಇಲ್ಲೇ ಇರ್ಲಿ. ವಾಪಸ್ ಬರ್ಬೇಕು ಅನಿಸಿದ್ರ ನನ್ನ ಸಂಗಟ ವಾಪಸ್ ಬಾ. ಯಾರೂ ನಿನಗ ಹಿಡಕೊಳ್ಳಂಗಿಲ್ಲ, ಹಿಡಕೊಂಡ್ರ ನಾ ಅದೀನಿ."

ಹೀಗೆ ಮೂವರೂ ಪೋಚಪ್ಪನ ಲಾರಿಯ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತು ನಾರಾಯಣಖೇಡಕ್ಕೆ ಹೋದರು. ರಾಜೇಶ್ವರಿ ತಲೆಬಾಗಿಲಿನಿಂದ, ಸಂಜೀವಕುಮಾರ ಹಿತ್ತಲಿನಿಂದ ಎಣಿಸುತ್ತ ಬರುವುದೆಂದು ತೀರ್ಮಾನವಾಯಿತು. ಎರಡು ಕಡೆಯ ಲೆಕ್ಕ ಕೂಡಿಸಿದರೆ ಸುಜಾತಾ ಹೇಳಿದ ಸೊನ್ನೆಗಳ ಸಂಖ್ಯೆ ಬರಬೇಕು. ಮನೆಮಂದಿಯೆಲ್ಲ ಗೋಡೆಗೆ ಒರಗಿ ನಿಂತರು. ಮಕ್ಕಳ ಬಾಯಿಗೆ ಅವರ ಅಮ್ಮಂದಿರು ಕೈ ಅಡ್ಡ ಹಿಡಿದರು, ಎಣಿಕೆ ತಪ್ಪಬಾರದೆಂದು. ಇಬ್ಬರೂ ಕುಕ್ಕರುಗಾಲಲ್ಲಿ ಕೂತು, ಕೈಯಲ್ಲಿ ಸುಣ್ಣದ ಕಡ್ಡಿ ಹಿಡಿದು, ಒಂದೊಂದು ಸಾಲಿಗೆ ಗುರುತು ಹಾಕುತ್ತ ಮುಂದೆ ಸರಿದರು. ಇಷ್ಟು ಗಂಭೀರವಾದ ದಡ್ಡ ಕೆಲಸವನ್ನು ಆ ಮನೆ ಹಿಂದೆಂದೂ ಕಂಡಿರಲಿಲ್ಲ. ಮನ್ಮಥಪ್ಪ ಬಾಯಲ್ಲಿ "ಓಂ ನಮಃ ಶಿವಾಯ" ಎನ್ನುತ್ತ ನಡುಮನೆಯ ಕಂಬ ಹಿಡಿದು ನಿಂತಿದ್ದ. ಮಗಳ ಬಾಳು ಸುಣ್ಣದ ಕಡ್ಡಿಯ ತುದಿಯಲ್ಲಿದೆ ಎಂದು ಅವನು ಮನಸಾರೆ ನಂಬಿದ್ದ.

ಮಧ್ಯಾಹ್ನ ದಾಟಿದ ಮೇಲೆ ಇಬ್ಬರೂ ಅಡುಗೆಮನೆಯಲ್ಲಿ, ಒಲೆಯ ಕಟ್ಟೆಯ ಕೆಳಗೆ ಎದುರುಬದುರಾದರು. ನಡುವೆ ಒಂದೇ ಒಂದು ಸೊನ್ನೆ ಉಳಿದಿತ್ತು.

"ನಿಮ್ಮ ಕಡಿಂದ ಎಷ್ಟಾದವು?" ಎಂದಳು ರಾಜೇಶ್ವರಿ.

ಸಂಜೀವಕುಮಾರನ ಮನಸ್ಸು ಲೆಕ್ಕದಲ್ಲಿತ್ತು. ಅಭ್ಯಾಸಬಲ. "ಹ್ಞೂಂ," ಎಂದುಬಿಟ್ಟ.

ರಾಜೇಶ್ವರಿ ಕೈಯಲ್ಲಿದ್ದ ಸುಣ್ಣದ ಕಡ್ಡಿಯನ್ನು ಅವನ ಎದೆಗೆ ಎಸೆದಳು. "ಎಷ್ಟು ಅಂತ ಕೇಳಿದ್ರೂ ಹ್ಞೂಂ! ಹ್ಞೂಂ ಅಂದ್ರ ಎಷ್ಟು? ಎಂಟು ಸಾವಿರನೋ, ಎಂಟು ನೂರೋ? ನಾ ಈ ಮನ್ಯಾಗ ಅದೀನಿ ಅಂತ ನಿಮಗ ಗೊತ್ತದೇನು? ಸೊನ್ನಿ ಎಣಿಸ್ತೀರಿ, ಬೇಳಿ ಚೀಲ ಎಣಿಸ್ತೀರಿ, ನನಗ ಒಮ್ಮೆರ ಎಣಿಸೀರೇನು? ನನಗ ಮಾತು ಬೇಕರಿ. ಬಂಗಾರ ಬ್ಯಾಡ, ಫರಸಿ ಬ್ಯಾಡ, ಮಾತು ಬೇಕು."

ಸಂಜೀವಕುಮಾರ ನೆಲ ನೋಡುತ್ತ ಕೂತ. ಮನೆಮಂದಿಯೆಲ್ಲ ಬಾಗಿಲಲ್ಲಿ ಇಣುಕುತ್ತಿದ್ದರು. ಅವನ ಕಿವಿ ಕೆಂಪಾಯಿತು. "ಎಣಿಕಿ ತಪ್ಪೀನಿ," ಎಂದ. "ಹಿತ್ತಲದಾಗೇ ತಪ್ಪೀನಿ. ನೀ ತಲಬಾಗಲದಾಗ ಕುಂತು ಎಣಿಸೋದು ಕಂಡಾಗೇ ತಪ್ತು. ಆಮ್ಯಾಲ ಸುಮ್ಮ ಗೀರು ಹಾಕ್ಕೋತ ಬಂದೀನಿ." ಬಿದ್ದಿದ್ದ ಸುಣ್ಣದ ಕಡ್ಡಿಯನ್ನು ಎತ್ತಿ ಅವಳ ಮುಂದಿಟ್ಟು ಮತ್ತೆ ಹೇಳಿದ. "ಫೋನಿನ್ಯಾಗ ತಪ್ಪು ಮಾತಾಡಿದ್ರ ಬರೀ ಮಾಲು ಹೋಗ್ತದ. ನಿನ್ನ ಸಂಗಟ ಏನರ ಒಂದು ತಪ್ಪು ಮಾತಾಡಿ, ನೀ ಹೋದ್ರ ಅಂತ ಅಂಜಿಕಿ. ಮಾತಾಡಲಾರದಕ್ಕ ಹೋದಿ."

ಮದುವೆಯಾದಾಗಿನಿಂದ ರಾಜೇಶ್ವರಿ ಅವನ ಬಾಯಿಂದ ಇಷ್ಟು ವಾಕ್ಯ ಒಟ್ಟಿಗೆ ಕೇಳಿರಲಿಲ್ಲ. ಅವಳ ಸಿಟ್ಟು ಇಳಿಯಲಿಲ್ಲ, ಆದರೆ ಅವಳು ಏಳಲೂ ಇಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಹಿತ್ತಲದಿಂದ ಮತ್ತ ಶುರು ಮಾಡ್ರಿ," ಎಂದಳು. "ಈ ಸಲ ಬಾಯಿಲೆ ಎಣಿಸ್ರಿ. ನನಗ ಕೇಳಿಸ್ಬೇಕು."

ಸಂಜೀವಕುಮಾರ ಎದ್ದು ಹಿತ್ತಲಿಗೆ ಹೋದ. ಒಂದು, ಎರಡು, ಮೂರು ಎಂಬ ಅವನ ಗಟ್ಟಿ ದನಿ ಕೇಳಿಬಂತು. ಇಪ್ಪತ್ತಕ್ಕೆ ಬಂದಾಗ ರಾಜೇಶ್ವರಿ ಇಲ್ಲಿಂದಲೇ, "ಹದಿನೆಂಟು ಬಿಟ್ಟೀರಿ!" ಎಂದು ಕೂಗಿದಳು. "ಎಲ್ಲಿ ಬಿಟ್ಟೀನಿ?" ಎಂದು ಅವನು ವಾದಕ್ಕೆ ನಿಂತ. ಹೊರಡುವ ಹೊತ್ತಿಗೆ ಪಾರ್ವತಿಬಾಯಿ ಬರುತ್ತೀಯಾ ಎಂದು ಮಗಳನ್ನು ಕೇಳಿದಳು. "ಎಣಿಕಿ ಮುಗೀಲಿ ಅವ್ವಾ," ಎಂದಳು ರಾಜೇಶ್ವರಿ. "ಆಮ್ಯಾಲ ಇರೋದೋ ಬರೋದೋ ನಾನೇ ಹೇಳ್ತೀನಿ. ಮಿಷನ್ ಇನ್ನ ಕಳಿಸ್ಬ್ಯಾಡ್ರಿ."

ಹೊತ್ತಿಳಿಯುವಾಗ ಪೋಚಪ್ಪನ ಲಾರಿ ಜಹೀರಾಬಾದಿನ ಕಡೆ ಹೊರಟಿತು. ಮನ್ಮಥಪ್ಪನಿಗೆ ಲೋಕ ಗೆದ್ದ ಖುಷಿ. ಸಂಖ್ಯೆ ಕೆಲಸ ಮಾಡಿತು ಎಂದು ಪೋಚಪ್ಪನಿಗೆ ತೆಲುಗಿನಲ್ಲಿ ಒಮ್ಮೆ, ಉರ್ದುವಿನಲ್ಲಿ ಒಮ್ಮೆ ವಿವರಿಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ನಮ್ಮದು ನೋಡು. ನಮ್ಮ ಮದುವ್ಯಾಗ ನಿಮ್ಮ ಸ್ವಾದರಮಾವ ಮುಯ್ಯಿ ಇಟ್ಟಿದ್ದು ಹನ್ನೊಂದು ರೂಪಾಯಿ. ಸುಜಾತಾನೇ ಹೇಳ್ಯಾಳ, ಹನ್ನೊಂದು ಯಾವುದರಿಂದನೂ ಒಡೆಯಂಗಿಲ್ಲ. ಅದಕ್ಕೇ ನಲವತ್ತು ವರ್ಷ ಗಟ್ಟಿ ನಿಂತದ."

"ಒಡೀತದ," ಎಂದಳು ಪಾರ್ವತಿಬಾಯಿ.

"ಏನು ಒಡೀತದ?"

"ನಮ್ಮದೂ ಒಡೀತದರಿ. ಎಲ್ಲಿ ಒಡೀತದ ಅಂತನೂ ನನಗ ಗೊತ್ತದ. ಯಾವತ್ತಿಂದನೋ ಗೊತ್ತದ."

ಪೋಚಪ್ಪ ಕೈ ಚಾಚಿ ಲಾರಿಯಲ್ಲಿ ಹಾಕಿದ್ದ ಹಾಡು ಬಂದ್ ಮಾಡಿದ. ಮನ್ಮಥಪ್ಪ ಉತ್ತರಕ್ಕಾಗಿ ಬಾಯಿ ತೆರೆದ. ಯಾವ ಭಾಷೆಯಲ್ಲೂ ಉತ್ತರ ಸಿಗಲಿಲ್ಲ. ಅವನಿಗೆ ಹೆದರಿಕೆಯಾಯಿತು. ಮಗಳು ಹೊಲಿಗೆ ಮಿಷನ್ ಹೊತ್ತುಕೊಂಡು ಬಂದ ದಿನವೂ ಆಗದಂಥ ಹೆದರಿಕೆ. ಪಕ್ಕದಲ್ಲಿ ಕೂತ ಈ ಹೆಂಗಸು ಎಷ್ಟು ವರ್ಷದಿಂದ, ಏನನ್ನು, ಯಾವಾಗ ಗಮನಿಸಿದ್ದಾಳೆ ಎಂಬುದು ತನಗೆ ಒಂದಿಷ್ಟೂ ತಿಳಿಯದೆಂದು ಅವನಿಗೆ ಹೊಳೆಯಿತು.

"ಎಲ್ಲಿ?" ಎಂದು ಕೇಳಿದ.

ಪಾರ್ವತಿಬಾಯಿ ಅವನ ಮುಖವನ್ನು ಪೂರ್ತಿ ತಿರುಗಿ ನೋಡಿದಳು.

"ಇಲ್ಲೇ," ಎಂದಳು. "ನೀವು ಹೇಳೋದೇ ಆತು, ನಾ ಕೇಳೋದೇ ಆತು. ಇಷ್ಟು ವರ್ಷದಾಗ ಉತ್ತರ ಗೊತ್ತಿಲ್ಲದೇ ನೀವು ನನಗ ಒಂದು ಮಾತು ಕೇಳಿದ್ದು ಇವತ್ತೇ."

ಲಾರಿ ಜಹೀರಾಬಾದಿನ ಹೆದ್ದಾರಿ ದಾಟಿ ತಾಂಡೂರಿನ ರಸ್ತೆ ಹಿಡಿಯಿತು. ಮನ್ಮಥಪ್ಪ ಏನೋ ಹೇಳಲು ಹೊರಟು ತಡೆದುಕೊಂಡ. "ಹೇಳು," ಎಂದ ಕಡೆಗೆ. ಅವಳು ಹೇಳತೊಡಗಿದಳು. ಮದುವೆಯಾದ ಹೊಸದರಲ್ಲಿ ಕೊಹೀರಿನ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ನಿಲ್ಲಿಸಿ, ಹಸಿವಾಗಿದೆಯೇ ಎಂದು ಕೇಳದೆ ಅವನೊಬ್ಬನೇ ಚಹಾ ಕುಡಿದು ಬಂದದ್ದರಿಂದ ಶುರುಮಾಡಿದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ. ಅವನು ನಡುವೆ ಬಾಯಿ ಹಾಕಲಿಲ್ಲ. ತಾಂಡೂರು ಬಂದಾಗ ಅವಳ ಮಾತು ಇನ್ನೂ ರಾಜೇಶ್ವರಿ ಹುಟ್ಟಿದ ವರ್ಷಕ್ಕಷ್ಟೇ ಬಂದಿತ್ತು. ಮನೆಯ ಮುಂದೆ ಪೋಚಪ್ಪ ಗಾಡಿ ನಿಧಾನ ಮಾಡಿದ. ಮನ್ಮಥಪ್ಪ ಅವನಿಗೆ ಕೈಯಿಂದಲೇ, ಮುಂದೆ ಹೋಗು ಎಂದು ಸನ್ನೆ ಮಾಡಿದ.